ಜೋಗದ ನೀರು, ಅತ್ತೆಯ ತವರು

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತು)



ನೋಡಿದ ಒಂದು ಊರಿನ ಬಗ್ಗೆ ಐದು ನಿಮಿಷ ಮಾತಾಡಿ ಎಂದಾಗ ನನಗೆ ನೆನಪಾದದ್ದು, ಕಳೆದ ಆಗಸ್ಟ್‌ನಲ್ಲಿ ಅತ್ತೆಯವರನ್ನು ಕರೆದುಕೊಂಡು ಹೋದ ಜೋಗ.

ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಹೋಗಿ ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆ ಘಟ್ಟ ಹತ್ತಿದೆವು. ಸುಮಾರು 60 ಕಿ.ಮೀ. ದಾರಿ. ನಾವು ಸುತ್ತಿ ಸುತ್ತಿ ಹತ್ತುವ ಈ ಘಟ್ಟವನ್ನು ಶರಾವತಿ ಇಳಿಯುವಾಗ ಒಂದೇ ಜಿಗಿತಕ್ಕೆ 830 ಅಡಿ ದಾಟುತ್ತಾಳೆ!

ನಾವು ಹೋದಾಗ ಬರೀ ಮಂಜು. ಬಿಸಿ ಬಜ್ಜಿ ತಿನ್ನುತ್ತಾ ಅರ್ಧ ಗಂಟೆ ಕಾದೆವು. ಗಾಳಿ ಬೀಸಿ ಮಂಜು ಸರಿಯಿತು ನೋಡಿ, ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಒಟ್ಟಿಗೆ ಕಂಡವು.

ಈ ಪ್ರಪಾತ ಹೇಗಾಯಿತು? ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟಿತು. ಆಗ ಉಂಟಾದ ಕಡಿದಾದ ಅಂಚು ಮಳೆ, ನದಿಗಳಿಂದ ಸವೆಯುತ್ತಾ ಪೂರ್ವಕ್ಕೆ ಸರಿದು ಇಂದಿನ ಪಶ್ಚಿಮ ಘಟ್ಟವಾಯಿತು. ಇಲ್ಲಿನ ಕಲ್ಲು ಅದಕ್ಕಿಂತಲೂ ಎಷ್ಟೋ ಹಳೆಯದು, 250 ಕೋಟಿ ವರ್ಷ ದಾಟಿದ್ದು. ಬಹಳ ಗಟ್ಟಿ. ಹಾಗಾಗಿ ನದಿಗೆ ಅದನ್ನು ಸವೆಸಿ ಇಳಿಜಾರು ಮಾಡಿಕೊಳ್ಳಲು ಆಗಲಿಲ್ಲ, ಧುಮುಕಲೇಬೇಕಾಯಿತು. ಬಿದ್ದ ನೀರು ಬುಡದಲ್ಲಿ ಗುಂಡಿ ಕೊರೆಯುತ್ತದೆ, ಬಿರುಕುಗಳಲ್ಲಿ ಇಳಿದು ಬಂಡೆಯನ್ನು ಸಡಿಲಿಸುತ್ತದೆ. ಬಂಡೆ ಕಳಚಿ ಬಿದ್ದಂತೆಲ್ಲ ಜಲಪಾತ ಹಿಂದಕ್ಕೆ ಸರಿಯುತ್ತದೆ. ಮುಂದಿರುವ ಆಳವಾದ ಕಣಿವೆ ಅದು ಬಿಟ್ಟು ಬಂದ ದಾರಿ.

ಇದನ್ನೆಲ್ಲ ಓದಿಕೊಂಡು ಹೋಗಿದ್ದ ನಾನು ಅತ್ತೆಗೆ ಹುರುಪಿನಿಂದ ವಿವರಿಸುತ್ತಿದ್ದೆ. ಅವರು ಜಲಪಾತ ನೋಡುತ್ತಲೇ ಇರಲಿಲ್ಲ. ಅದರ ಮೇಲುಗಡೆ, ನೀರು ಬರುವ ದಿಕ್ಕಿಗೆ ನೋಡುತ್ತಿದ್ದರು.

"ನಮ್ಮ ಮನೆ ಆ ಕಡೆ ಇತ್ತು ಕಣೆ. ಮುಳುಗಡೆ ಆದಾಗ ನನಗೆ ಹತ್ತು ವರ್ಷ. ಅಪ್ಪಯ್ಯ ಹಂಚು, ಬಾಗಿಲು ಎಲ್ಲ ಬಿಚ್ಚಿ ಗಾಡಿಗೆ ಹಾಕಿದ. ಅಡಿಕೆ ಮರ ಹೇರಿಕೊಂಡು ಹೋಗೋಕಾಗತ್ತಾ?"

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರೂರೇ ನೀರಿನಡಿ ಹೋದವು. ನಾಡಿಗೆ ಬೆಳಕು ಬಂತು, ನಿಜ. ಆದರೆ ಇಪ್ಪತ್ತೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೂ ನಾನು ಅವರ ತವರಿನ ಹೆಸರು ಕೇಳಿರಲಿಲ್ಲ. "ಸಾಗರದ ಕಡೆ" ಎಂದಷ್ಟೇ ಗೊತ್ತಿತ್ತು. ಕೋಟಿ ವರ್ಷಗಳ ಲೆಕ್ಕ ಒಪ್ಪಿಸುತ್ತಿದ್ದವಳಿಗೆ ಅರವತ್ತು ವರ್ಷದ ಕಥೆ ತಿಳಿದಿರಲಿಲ್ಲ. ನಾಚಿಕೆಯಾಯಿತು.

ಬರುವಾಗ ರೈಲಿನಲ್ಲಿ ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ: ಊರು, ಕೇರಿ, ಬಾವಿ, ಅಕ್ಕಪಕ್ಕದ ಮನೆಯವರು. ಒಂದು ನೋಟ್‌ಬುಕ್ಕಿನ ಹನ್ನೊಂದು ಪುಟ ಆಯಿತು.

ಮಳೆಗಾಲದಲ್ಲಿ ಜೋಗಕ್ಕೆ ಖಂಡಿತ ಹೋಗಿ ಬನ್ನಿ. ಮನೆಯಲ್ಲಿ ಮುಳುಗಡೆ ಊರಿನ ಹಿರಿಯರಿದ್ದರೆ, ಹೊರಡುವ ಮೊದಲೇ ಅವರ ಊರಿನ ಹೆಸರು ಕೇಳಿ, ಬರೆದಿಟ್ಟುಕೊಳ್ಳಿ.