ಕಾರಿನ ಭಾಷೆ ಓದುವ ಪುಟ್ಟ ಯಂತ್ರ: ನಾವೇ ಮಾಡಿ ಕಲಿಯೋಣ



ಭಾಷೆ ಕಲಿಸುವ ಮೇಷ್ಟ್ರಿಗೆ ಕಾರಿನ ವಿಷಯವೇಕೆ ಎಂದು ನೀವು ಕೇಳಬಹುದು. ಇಂದಿನ ಕಾರಿಗೂ ಒಂದು ಭಾಷೆಯಿದೆ, ಅದಕ್ಕೇ ಈ ಮಾತು. ನಮ್ಮ ಸಮಾಜದ ಎಷ್ಟೋ ಮನೆಗಳ ಒಲೆ ಉರಿಯುವುದು ಗ್ಯಾರೇಜಿನ ದುಡಿಮೆಯಿಂದ. ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವ ಉಸ್ತಾದರು ನಮ್ಮಲ್ಲಿದ್ದಾರೆ. ಆದರೆ ಅವರ ಕೈಕೆಳಗೆ ಕಲಿಯುವ ಹುಡುಗ ಅರ್ಧಕ್ಕೇ ಶಾಲೆ ಬಿಟ್ಟವನಾದರೆ, ಮೀಟರಿನಲ್ಲಿ ಎಂಜಿನ್ ದೀಪ ಹತ್ತಿದ ಕಾರನ್ನು ನೋಡಿ ‘ಷೋರೂಮಿಗೆ ಒಯ್ಯಿರಿ’ ಎಂದುಬಿಡುತ್ತಾನೆ. ಹುನರ್ ಇದ್ದರೂ ಇಲ್ಮ್ ಜೊತೆಗಿಲ್ಲದೆ ಕೆಲಸ ಕೈತಪ್ಪಿ ಹೋಗುತ್ತದೆ.

ಆ ದೀಪ ಹತ್ತಿದಾಗ ಕಾರಿನ ಕಂಪ್ಯೂಟರ್ ತನ್ನ ನೆನಪಿನಲ್ಲಿ ಒಂದು ದೋಷಸಂಕೇತವನ್ನು ಬರೆದಿಟ್ಟಿರುತ್ತದೆ. ಇದನ್ನು ಓದುವ ವ್ಯವಸ್ಥೆಗೆ ಓಬಿಡಿ ಎಂದು ಹೆಸರು. ಹೊಗೆ ನಿಯಂತ್ರಣಕ್ಕಾಗಿ ಅಮೆರಿಕವು 1996ರ ಮಾದರಿಯ ಕಾರುಗಳಿಂದ ಇದರ ಎರಡನೆಯ ರೂಪವನ್ನು ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯ ಹಂತ 2013ರ ಏಪ್ರಿಲ್‌ನಲ್ಲಿ ಜಾರಿಗೆ ಬಂದವು. ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ, 16 ಪಿನ್ನುಗಳ ಒಂದು ಸಾಕೆಟ್ ಕಾಣುತ್ತದೆ. ಕಾರಿನ ಬಾಯಿ ಅದೇ.

ಸಂಕೇತ ಓದುವ ಸಿದ್ಧ ಸಾಧನ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೇ ಸಿಗುತ್ತದೆ. ಹಾಗಾದರೆ ಮಾಡುವುದೇಕೆ? ಕೊಂಡದ್ದು ಉತ್ತರವನ್ನಷ್ಟೇ ಕೊಡುತ್ತದೆ. ಮಾಡಿದ್ದು ಉತ್ತರ ಬಂದ ದಾರಿಯನ್ನೂ ಕಲಿಸುತ್ತದೆ.

ಬೇಕಾದುದು ಇಷ್ಟೆ: ಒಂದು ಆರ್ಡುಯಿನೊ ಉನೊ ಬೋರ್ಡು, ಎಂಸಿಪಿ2515 ಚಿಪ್ ಇರುವ ಕ್ಯಾನ್ ಬೋರ್ಡು, ಸಾಕೆಟ್ಟಿಗೆ ಹೊಂದುವ ಪ್ಲಗ್ಗು, ಸ್ವಲ್ಪ ವೈರು, ಒಂದು ಲ್ಯಾಪ್‌ಟಾಪ್. ಕ್ಯಾನ್ ಎಂಬುದು ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ, ಕಾರಿನೊಳಗಿನ ಕಂಪ್ಯೂಟರುಗಳು ಎರಡೇ ವೈರಿನಲ್ಲಿ ಮಾತಾಡಿಕೊಳ್ಳುವ ಪದ್ಧತಿ. ಕ್ಯಾನ್ ಬೋರ್ಡಿನ ಎಸ್‌ಸಿಕೆ, ಎಸ್‌ಒ, ಎಸ್‌ಐ, ಸಿಎಸ್ ಪಿನ್ನುಗಳನ್ನು ಕ್ರಮವಾಗಿ ಆರ್ಡುಯಿನೊದ 13, 12, 11, 10ಕ್ಕೆ ಜೋಡಿಸಿ. 5 ವೋಲ್ಟ್ ಮತ್ತು ಗ್ರೌಂಡ್ ಕೊಡಿ. ಕಾರಿನ ಕಡೆಯಿಂದ ಮೂರೇ ವೈರು ಸಾಕು: 6ನೇ ಪಿನ್ನು ಕ್ಯಾನ್-ಹೈಗೆ, 14ನೆಯದು ಕ್ಯಾನ್-ಲೋಗೆ, 5ನೆಯದು ಗ್ರೌಂಡಿಗೆ. 16ನೇ ಪಿನ್ನಿನಲ್ಲಿ ಬ್ಯಾಟರಿಯ 12 ವೋಲ್ಟ್ ಸದಾ ಇರುತ್ತದೆ, ಅದನ್ನು ಮುಟ್ಟಲೇಬೇಡಿ. ನಮ್ಮ ಬೋರ್ಡಿಗೆ ಲ್ಯಾಪ್‌ಟಾಪಿನ ಯುಎಸ್‌ಬಿ ವಿದ್ಯುತ್ತೇ ಸಾಕು.

ಎರಡು ಸೂಕ್ಷ್ಮಗಳನ್ನು ಮರೆಯಬೇಡಿ. ಕ್ಯಾನ್ ಬೋರ್ಡಿನಲ್ಲಿ 120 ಓಮ್ ರೆಸಿಸ್ಟರನ್ನು ಸೇರಿಸುವ ಪುಟ್ಟ ಜಂಪರ್ ಇರುತ್ತದೆ. ಕಾರಿನಲ್ಲಿ ಅಂಥವು ಮೊದಲೇ ಇರುವುದರಿಂದ ಅದನ್ನು ತೆಗೆಯಬೇಕು. ಬೋರ್ಡಿನ ಕ್ರಿಸ್ಟಲ್ 8 ಮೆಗಾಹರ್ಟ್ಸ್‌ನದೋ 16ರದೋ ನೋಡಿ, ಪ್ರೋಗ್ರಾಮಿನಲ್ಲಿ ಅದನ್ನೇ ಬರೆಯಬೇಕು. ಇಲ್ಲವಾದರೆ ವೇಗ ತಪ್ಪಿ ಸಂಭಾಷಣೆಯೇ ನಡೆಯುವುದಿಲ್ಲ. ಕಾರಿನ ಸಾಕೆಟ್ಟಿನಲ್ಲಿ 6 ಮತ್ತು 14ರ ಜಾಗ ಖಾಲಿಯಿದ್ದರೆ ಅದು ಹಳೆಯ ಪದ್ಧತಿಯ ಕಾರು. ಅದಕ್ಕೆ ಬೇರೆ ಚಿಪ್ ಬೇಕು.

ಈಗ ಸಂಭಾಷಣೆ. ಸಾಮಾನ್ಯವಾಗಿ 7ಡಿಎಫ್ ಎಂಬ ವಿಳಾಸಕ್ಕೆ ‘02 01 0ಸಿ’ ಎಂದು ಕಳಿಸಿದರೆ, ‘ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ?’ ಎಂದು ಕೇಳಿದಂತೆ. ಉತ್ತರದ ಕೊನೆಯಲ್ಲಿ ‘0ಬಿ ಇ8’ ಬಂತೆನ್ನಿ. ಹದಿನಾರರ ಎಣಿಕೆಯಲ್ಲಿ 0ಬಿ ಎಂದರೆ 11, ಇ8 ಎಂದರೆ 232. 11ನ್ನು 256ರಿಂದ ಗುಣಿಸಿ, 232 ಕೂಡಿಸಿ, 4ರಿಂದ ಭಾಗಿಸಿ. 762 ಸುತ್ತು! ‘ಈ ಲೆಕ್ಕ ಯಾವ ಕೆಲಸಕ್ಕೆ ಬರುತ್ತದೆ ಸಾರ್?’ ಎಂದು ಗಣಿತದ ತರಗತಿಯಲ್ಲಿ ಕೇಳುವವರಿಗೆ ಇಲ್ಲಿದೆ ಉತ್ತರ.

‘01 03’ ಎಂದು ಕಳಿಸಿದರೆ ಕಾರು ತನ್ನ ದೋಷಸಂಕೇತಗಳನ್ನು ಒಪ್ಪಿಸುತ್ತದೆ. ಪಿ0301 ಎಂದರೆ ಮೊದಲನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ.

ಇಲ್ಲಿ ನಿಜವಾದ ಪಾಠ ಶುರುವಾಗುತ್ತದೆ. ಸಂಕೇತವು ದೂರು ಮಾತ್ರ, ತೀರ್ಪು ಹೇಳಬೇಕಾದವರು ನೀವು. ಪಿ0171 ಬಂದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಿದರೆ ಗಿರಾಕಿಯ ದುಡ್ಡು ದಂಡವಾಗಬಹುದು. ಹರಿದ ವ್ಯಾಕ್ಯೂಮ್ ಪೈಪಾಗಲಿ, ಸೋತ ಪೆಟ್ರೋಲ್ ಪಂಪಾಗಲಿ ಕಾರಣವಿರಬಹುದು. ಸೆನ್ಸರ್ ಬರಿಯ ಸುದ್ದಿ ತಂದವನು. ಪಿ0301 ಬಂದರೆ, ಸಿಲಿಂಡರಿಗೊಂದು ಕಾಯಿಲ್ ಇರುವ ಎಂಜಿನ್ನಿನಲ್ಲಿ, ಮೊದಲ ಮತ್ತು ಎರಡನೇ ಕಾಯಿಲನ್ನು ಅದಲುಬದಲು ಮಾಡಿ ನೋಡಿ. ಸಂಕೇತ ಪಿ0302ಕ್ಕೆ ಸರಿದರೆ ಕಾಯಿಲ್ ಕೆಟ್ಟಿದೆ. ಸರಿಯದಿದ್ದರೆ ಬೇರೆಡೆ ಹುಡುಕಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಉಸ್ತಾದರ ಅನುಭವ ಹೇಳಿಕೊಡುತ್ತದೆ, ಯಂತ್ರ ಹೇಳದು.

ಕೆಲವು ಎಚ್ಚರಿಕೆಗಳು: ಮೊದಲ ಪರೀಕ್ಷೆಯನ್ನು ನಿಂತ ಕಾರಿನಲ್ಲಿ, ಎಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಇಟ್ಟು, ದೊಡ್ಡವರ ಎದುರಿನಲ್ಲೇ ಮಾಡಿ. ಎಂಜಿನ್ ಚಾಲೂ ಮಾಡುವುದಾದರೆ ಬಯಲಿನಲ್ಲಿ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು. ಗೊತ್ತಿಲ್ಲದ ಆದೇಶಗಳನ್ನು ಕಳಿಸಬೇಡಿ. ಬರೆದಿಟ್ಟುಕೊಳ್ಳದೆ ಸಂಕೇತ ಅಳಿಸಬೇಡಿ. ದೋಷ ಕಂಡ ಗಳಿಗೆಯ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ.

ಸದಸ್ಯರಲ್ಲಿ ನನ್ನ ವಿನಂತಿ ಒಂದೇ. ಒಂದು ಶಾಲೆಗೆ ಇಂಥ ಒಂದು ಯಂತ್ರ ಸಾಕು. ರಜಾದಿನ ಅದನ್ನು ಹತ್ತಿರದ ಗ್ಯಾರೇಜಿಗೆ ಒಯ್ದು, ನಮ್ಮ ಮಕ್ಕಳು ಉಸ್ತಾದರಿಗೆ ಸಂಕೇತ ಓದಿ ಹೇಳಲಿ, ಉಸ್ತಾದರು ಮಕ್ಕಳಿಗೆ ಕಾರಣ ತೋರಿಸಲಿ. ಅಲ್ಲಿ ಸ್ಪಾನರ್ ಹಿಡಿದು ನಿಂತ ಹುಡುಗನೂ ಪಕ್ಕದಲ್ಲಿ ಕೂತು ಓದಲಿ. ಬಿಟ್ಟ ಪುಸ್ತಕ ತನ್ನ ಕೆಲಸಕ್ಕೇ ಬೇಕೆಂದು ಅವನಿಗೆ ಮನದಟ್ಟಾದರೆ, ಮರಳಿ ಪರೀಕ್ಷೆಗೆ ಕೂರಿಸುವುದು ನಮಗೂ ಸುಲಭ.