ಕೂದಲು ಕಸಿ: ಸಾಧ್ಯತೆ ಮತ್ತು ಮಿತಿ

ಅನುವಂಶಿಕ ಬೊಕ್ಕತಲೆಗೆ ನೀರು, ಎಣ್ಣೆ, ಹೆಲ್ಮೆಟ್ಟುಗಳನ್ನು ದೂರುವುದು ರೂಢಿಯಾಗಿದ್ದರೂ ಅದರ ಮೂಲ ಇರುವುದು ದೇಹದೊಳಗೆ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಒಂದು ಕಿಣ್ವದ ನೆರವಿನಿಂದ ಡೈಹೈಡ್ರೋಟೆಸ್ಟೋಸ್ಟೆರಾನ್ ಆಗಿ ಮಾರ್ಪಡುತ್ತದೆ. ಹುಟ್ಟಿನಿಂದಲೇ ಇದಕ್ಕೆ ಸುಲಭವಾಗಿ ಈಡಾಗುವ ಕೇಶಕೂಪಗಳು, ಅಂದರೆ ಚರ್ಮದೊಳಗೆ ಕೂದಲನ್ನು ಬೆಳೆಸುವ ಪುಟ್ಟ ಚೀಲಗಳು, ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ಪ್ರತಿ ಸಲವೂ ಮೊದಲಿಗಿಂತ ತೆಳುವಾದ, ಗಿಡ್ಡವಾದ ಕೂದಲನ್ನು ಕೊಟ್ಟು, ಕೊನೆಗೆ ಕಂಡೂ ಕಾಣದ ನವಿರನ್ನಷ್ಟೇ ಉಳಿಸುತ್ತವೆ. ಹಣೆಯ ಮೂಲೆಗಳೂ ನೆತ್ತಿಯೂ ಬರಿದಾದ ಮೇಲೂ ತಲೆಯ ಹಿಂಬದಿಯ ಕೂದಲು ಸಾಮಾನ್ಯವಾಗಿ ಉಳಿಯುವುದು, ಅಲ್ಲಿನ ಕೇಶಕೂಪಗಳನ್ನು ಈ ಹಾರ್ಮೋನು ಅಷ್ಟಾಗಿ ಬಾಧಿಸದಿರುವುದರಿಂದ.

ಹಿಂಬದಿಯಿಂದ ತೆಗೆದ ಕೇಶಕೂಪವನ್ನು ಬೋಳಾದ ಜಾಗದಲ್ಲಿ ನೆಟ್ಟರೂ ಅದು ತನ್ನ ಮೂಲ ಗುಣವನ್ನು ಬಿಡುವುದಿಲ್ಲವೆಂಬುದನ್ನು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಆ ಕಾಲದಲ್ಲಿ ದಪ್ಪ ತುಣುಕುಗಳನ್ನು ನೆಡುತ್ತಿದ್ದುದರಿಂದ ಕೂದಲು ಬೊಂಬೆಯ ತಲೆಯಲ್ಲಿರುವಂತೆ ಗುಚ್ಛಗುಚ್ಛವಾಗಿ ಕಾಣುತ್ತಿತ್ತು. ಕೂದಲು ಸಹಜವಾಗಿ ಒಂದರಿಂದ ನಾಲ್ಕರವರೆಗಿನ ಸಣ್ಣ ಘಟಕಗಳಾಗಿ ಬೆಳೆಯುತ್ತದೆಂಬುದನ್ನು ಅರಿತ ಮೇಲೆ ಆ ಘಟಕಗಳನ್ನೇ ಕಸಿ ಮಾಡುವ ಪದ್ಧತಿ ಬಂದಿತು. ಎಫ್‌ಯುಟಿ ವಿಧಾನದಲ್ಲಿ ಹಿಂಬದಿಯ ಚರ್ಮದ ಒಂದು ಪಟ್ಟಿಯನ್ನು ತೆಗೆದು ಸೂಕ್ಷ್ಮದರ್ಶಕದಡಿ ಬಿಡಿಸಲಾಗುತ್ತದೆ. ಹೊಲಿಗೆ ಹಾಕಿದಲ್ಲಿ ಗೆರೆಯಂಥ ಕಲೆ ಉಳಿಯುತ್ತದೆ. ಎಫ್‌ಯುಇ ವಿಧಾನದಲ್ಲಿ ಸುಮಾರು 1 ಮಿಲಿಮೀಟರ್ ಅಗಲದ ಕೊಳವೆಯಂಥ ಉಪಕರಣದಿಂದ ಘಟಕಗಳನ್ನು ಒಂದೊಂದಾಗಿ ತೆಗೆಯುವುದರಿಂದ ಚುಕ್ಕಿಯಷ್ಟು ಗುರುತುಗಳು ಮಾತ್ರ ಚದುರಿ ಉಳಿಯುತ್ತವೆ. ಎರಡರಲ್ಲೂ ತಲೆಯ ಚರ್ಮವನ್ನು ಮರಗಟ್ಟಿಸಿ, ಹಣೆಯ ಅಂಚಿಗೆ ಒಂಟಿ ಕೂದಲಿನ ಘಟಕಗಳನ್ನೂ ಹಿಂದಕ್ಕೆ ದಟ್ಟವಾದವನ್ನೂ, ಸಹಜ ಕೂದಲಿನ ಓರೆ ಮತ್ತು ದಿಕ್ಕನ್ನು ಅನುಸರಿಸಿ ನೆಡಲಾಗುತ್ತದೆ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರುವುದು ಸಹಜ. ಬುಡ ಒಳಗೇ ಉಳಿದಿರುವುದರಿಂದ ಮೂರು ನಾಲ್ಕು ತಿಂಗಳಿಗೆ ಹೊಸ ಕೂದಲು ಮೂಡತೊಡಗಿ, ಒಂದು ವರ್ಷದ ಹೊತ್ತಿಗೆ ಫಲ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಈ ಶಸ್ತ್ರಚಿಕಿತ್ಸೆ ಹೊಸ ಕೇಶಕೂಪವನ್ನು ಸೃಷ್ಟಿಸುವುದಿಲ್ಲ, ಇರುವುದನ್ನೇ ಬೇರೆಡೆಗೆ ಸಾಗಿಸುತ್ತದೆ. ಒಮ್ಮೆ ತೆಗೆದ ಜಾಗದಲ್ಲಿ ಮತ್ತೆ ಹುಟ್ಟದಿರುವುದರಿಂದ ಹಿಂಬದಿಯ ಕೂದಲು ಮಿತವ್ಯಯದಿಂದ ಬಳಸಬೇಕಾದ ಸಂಪತ್ತು. ಮೊದಲಿನಿಂದ ಇದ್ದ ಕೂದಲು ಉದುರುವುದನ್ನೂ ಕಸಿ ತಡೆಯಲಾರದು. ಇಪ್ಪತ್ತರ ಆಸುಪಾಸಿನಲ್ಲಿ ಅವಸರದಿಂದ ಹಣೆಯ ಅಂಚನ್ನಷ್ಟೇ ತುಂಬಿಸಿಕೊಂಡರೆ, ಮುಂದೆ ಅದರ ಹಿಂದಿನ ಭಾಗ ಬರಿದಾಗಿ, ನೆಟ್ಟ ಕೂದಲು ಒಂಟಿ ಪಟ್ಟಿಯಾಗಿ ಉಳಿಯಬಹುದು. ಆದ್ದರಿಂದಲೇ ವೈದ್ಯರು ಮೊದಲು ಥೈರಾಯ್ಡ್ ದೋಷ, ಕಬ್ಬಿಣಾಂಶದ ಕೊರತೆಗಳಂಥ ಬೇರೆ ಕಾರಣಗಳಿವೆಯೇ ಎಂದು ಪರೀಕ್ಷಿಸಿ, ಇರುವ ಕೂದಲನ್ನು ಉಳಿಸಿಕೊಳ್ಳಲು ಮಿನಾಕ್ಸಿಡಿಲ್, ಫಿನಾಸ್ಟರೈಡ್‌ಗಳಂಥ ಔಷಧಗಳನ್ನು, ಅವುಗಳ ಅಡ್ಡಪರಿಣಾಮಗಳನ್ನು ವಿವರಿಸಿ, ಸೂಚಿಸುತ್ತಾರೆ.

ಸೋಂಕು, ರಕ್ತಸ್ರಾವ, ಅರಿವಳಿಕೆಯ ಪ್ರತಿಕ್ರಿಯೆಗಳ ಅಪಾಯ ಇಲ್ಲಿಯೂ ಇರುವುದರಿಂದ ಇದನ್ನು ಸೌಂದರ್ಯವರ್ಧಕ ಮಳಿಗೆಯ ಕೆಲಸವೆಂದು ಭಾವಿಸುವುದು ತಪ್ಪು. ಕಾರ್ಯಾಗಾರಗಳನ್ನೋ ಯೂಟ್ಯೂಬ್ ದೃಶ್ಯಗಳನ್ನೋ ನೋಡಿ ಕಲಿತದ್ದು ಸಾಕಷ್ಟು ತರಬೇತಿಯಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ. ಶಸ್ತ್ರಚಿಕಿತ್ಸೆಯನ್ನು ಸ್ವತಃ ಯಾರು ಮಾಡುತ್ತಾರೆ, ಅವರ ತರಬೇತಿ ಏನು, ತುರ್ತುಚಿಕಿತ್ಸೆಯ ವ್ಯವಸ್ಥೆ ಇದೆಯೇ ಎಂಬುದನ್ನು ವಿಚಾರಿಸುವುದು ರೋಗಿಯ ಹಕ್ಕು; ಕಸಿಗೆ ಇನ್ನೂ ಕಾಲ ಬಂದಿಲ್ಲವೆಂದು ವೈದ್ಯರು ಹೇಳಿದಾಗ ಆ ಮಾತನ್ನೂ ಚಿಕಿತ್ಸೆಯ ಭಾಗವೆಂದೇ ಒಪ್ಪಿಕೊಳ್ಳುವುದು ವಿವೇಕ.