ಪೇಟಿಯಿಂದ ಬೆಳಕಿನ ಚೌಕಗಳವರೆಗೆ



ಚದುರಂಗದ ಹಾಸಿನಂತೆ ಅರವತ್ತನಾಲ್ಕು ಮನೆಗಳುಳ್ಳ, ಬೆರಳು ಸೋಕಿದೊಡನೆ ಒಂದೊಂದು ಮನೆಯೂ ಬಣ್ಣದ ಬೆಳಕನ್ನು ತಾಳುವ ಫಲಕವೊಂದನ್ನು ಮುಂದಿರಿಸಿಕೊಂಡು, ತಂತಿಯನ್ನು ಮೀಟದೆ, ಕೊಳವಿಯನ್ನು ಊದದೆ, ಚರ್ಮವನ್ನು ಬಾರಿಸದೆ, ಸಭೆಯ ಸಮಕ್ಷಮದಲ್ಲಿಯೇ ಸಂಗೀತವನ್ನು ಕಟ್ಟುತ್ತ ಹೋಗುವ ತರುಣ ಕಲಾವಿದರನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಗ್ರಿಡ್ ಕಂಟ್ರೋಲರ್ ಎಂಬುದು ಆ ಉಪಕರಣದ ಹೆಸರು. ಅದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಬರ್ಲಿನ್ನಿನಿಂದಲೋ ಅಮೆರಿಕದಿಂದಲೋ ಆರಂಭಿಸುತ್ತಾರೆ; ನಾನಾದರೋ ಹಾರ್ಮೋನಿಯಮ್ಮಿನಿಂದ, ನಮ್ಮ ಕಡೆಯ ಜನ ಅಕ್ಕರೆಯಿಂದ ಪೇಟಿಯೆಂದು ಕರೆಯುವ ಆ ಪೆಟ್ಟಿಗೆಯಿಂದ, ಆರಂಭಿಸಲು ಇಚ್ಛಿಸುತ್ತೇನೆ. ಏಕೆಂದರೆ ಯಂತ್ರದ ಮನೆಯೊಳಗಿನ ಸ್ವರವನ್ನು ನಿರ್ಣಯಿಸುವ ಅಧಿಕಾರ ಅದನ್ನು ತಯಾರಿಸಿದವನದೋ ನುಡಿಸುವವನದೋ ಎಂಬ ಪ್ರಶ್ನೆ ನಮ್ಮ ಸೀಮೆಯಲ್ಲಿ ಮೊದಲು ತಲೆಯೆತ್ತಿದ್ದು ಪೇಟಿಯ ಕಾಲದಲ್ಲಿ.

1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಯ್ನ್ ಸ್ವಾಮ್ಯಪತ್ರ ಪಡೆದ ಹಾರ್ಮೋನಿಯಂ, ಕಲ್ಕತ್ತೆಯಲ್ಲಿ ಕೈಯಿಂದ ಗಾಳಿಯೂಡುವ ರೂಪವನ್ನು ತಳೆದು, ನಾಟಕ ಕಂಪನಿಗಳ ಸಂಗಡ ಊರೂರು ತಿರುಗಿ, ಉತ್ತರ ಕರ್ನಾಟಕದ ರಂಗಭೂಮಿಗೆ ಪ್ರಾಣಸಮಾನವಾಯಿತು. ಆದರೆ ಅದರ ಹನ್ನೆರಡು ಸ್ವರಗಳು ಪಾಶ್ಚಾತ್ಯರ ಸಮವಿಭಾಗದ ಸ್ವರಗಳು; ಗಾಯಕನ ಗಾಂಧಾರವು ರಾಗಕ್ಕೊಂದು ಛಾಯೆಯನ್ನು ಪಡೆಯುವುದನ್ನು ಪೇಟಿಯ ಗಾಂಧಾರವು ಅರಿಯದು. ಈ ಕೊರತೆಯನ್ನು ಯಂತ್ರದಿಂದಲೇ ನಿವಾರಿಸಬಹುದೆಂದು ನಂಬಿದವರು ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು. ಕುಂದಗೋಳದ ಸವಾಯಿ ಗಂಧರ್ವರಿಗೆ ವಿದ್ಯೆಯನ್ನಿತ್ತ ಉಸ್ತಾದ್ ಅಬ್ದುಲ್ ಕರೀಂ ಖಾನರ ಕಂಠವನ್ನೇ ಪ್ರಮಾಣವಾಗಿಟ್ಟುಕೊಂಡು ಅವರು ಇಪ್ಪತ್ತೆರಡು ಶ್ರುತಿಗಳನ್ನು ಅಳೆದರು. ನ್ಯಾಯಾಧೀಶರಾಗಿದ್ದ ಅರ್ನೆಸ್ಟ್ ಕ್ಲೆಮೆಂಟ್ಸರ ಸಹಾಯದಿಂದ, 1911ರ ಸುಮಾರಿಗೆ, ಲಂಡನ್ನಿನ ಮೂರ್ ಅಂಡ್ ಮೂರ್ ಸಂಸ್ಥೆಯ ಕೈಯಿಂದ ಶ್ರುತಿ ಹಾರ್ಮೋನಿಯಂ ಒಂದನ್ನು ಸಿದ್ಧಪಡಿಸಿದರು. 1916ರ ಬರೋಡ ಸಂಗೀತ ಪರಿಷತ್ತಿನಲ್ಲಿ ಅದರ ಮೇಲೆ ದೊಡ್ಡ ವಾದವೇ ನಡೆಯಿತು. ವಾದ್ಯವು ಬಳಕೆಗೆ ಬರಲಿಲ್ಲ. ಶ್ರುತಿಗಳು ಹನ್ನೆರಡಿರಲಿ ಇಪ್ಪತ್ತೆರಡಿರಲಿ, ಲೋಹದ ನಾಲಗೆಯಲ್ಲಿ ಒಮ್ಮೆ ನೆಲೆಗೊಂಡ ಸ್ವರವನ್ನು ನುಡಿಸುವವನು ಸಭೆಯಲ್ಲಿ ಕದಲಿಸಲಾರನಲ್ಲವೆ!

ಸ್ವರಗಳ ಈ ಕದಲದ ಗುಣವನ್ನೇ ದೋಷವೆಂದು ಮುಂದಿಟ್ಟು, 1940ರ ಮಾರ್ಚಿನಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಬಹಿಷ್ಕರಿಸಿತು. ಆದಕಾರಣ 1950ರ ಜನವರಿ 8ರಂದು ಧಾರವಾಡದ ನಿಲಯವು ಉದ್ಘಾಟನೆಗೊಂಡಾಗ, ಪೇಟಿಯ ಸಾಥಿಯಿಲ್ಲದೆ ಬೈಠಕ್ಕೇ ನಡೆಯದಿದ್ದ ಈ ಊರಿನ ಪ್ರಸಾರದಲ್ಲಿ ಪೇಟಿಗೆ ಪ್ರವೇಶವಿರಲಿಲ್ಲ. 1970ರ ದಶಕದ ಆರಂಭದಲ್ಲಿ ಆ ನಿರ್ಬಂಧವು ಸಡಿಲಗೊಳ್ಳುವ ಹೊತ್ತಿಗೆ, ಬೆಳಗಾವಿಯ ವಿಠ್ಠಲರಾವ್ ಕೋರೆಗಾಂವಕರ್, ರಾಮಭಾವು ವಿಜಾಪುರೆ ಮೊದಲಾದವರು, ಯಾವ ಸ್ವರವನ್ನು ಒತ್ತಬೇಕು ಎಂಬುದರಷ್ಟೇ ಯಾವುದನ್ನು ಒತ್ತದೆ ಬಿಡಬೇಕು ಎಂಬ ವಿವೇಕದಿಂದ, ವಾದ್ಯದ ದೋಷವನ್ನು ತಮ್ಮ ಕೈಚಳಕದಲ್ಲಿ ಮರೆಸಿಬಿಟ್ಟಿದ್ದರು. ನಿಷೇಧದ ವಾದಕ್ಕಿಂತ ಈ ಸಾಧಕರು ಕೊಟ್ಟ ಉತ್ತರವೇ ಬಲವಾದದ್ದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಇದಾದ ಮೇಲೆ ವಿದ್ಯುತ್ತಿನ ಯುಗ. ಬೆಂಗಳೂರಿನಲ್ಲಿ, ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ವೇಳೆಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ನಿರ್ಮಿಸಿದರು. ಇಂದು ಅವು ಇಲ್ಲದ ರಿಯಾಜಿನ ಕೋಣೆ ವಿರಳ. ಜಪಾನಿನ ರೋಲ್ಯಾಂಡ್ ಸಂಸ್ಥೆ 1985ರಲ್ಲಿ ಹೊರತಂದ ಆಕ್ಟೋಪ್ಯಾಡ್ ನಮ್ಮ ಆರ್ಕೆಸ್ಟ್ರಾಗಳನ್ನು ಸೇರಿತು. ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕಾಗಿ ಎಂಟು ರಬ್ಬರಿನ ಚೌಕಗಳು. ಗಣೇಶೋತ್ಸವದ ಮಂಟಪದಲ್ಲಿ, ಮದುವೆಯ ಆರತಕ್ಷತೆಯಲ್ಲಿ, ಒಬ್ಬನೇ ವಾದಕನು ಅವುಗಳಿಂದಲೇ ಢೋಲಕ್ಕನ್ನೂ ತಬಲಾವನ್ನೂ ಡ್ರಮ್ಮನ್ನೂ ಹೊಮ್ಮಿಸುವನು. ಚೌಕಕ್ಕೆ ಸ್ವಂತದ ನಾದವಿಲ್ಲ, ನುಡಿಸುವವನು ಕೊಟ್ಟದ್ದೇ ಅದರ ನಾದ ಎಂಬ ತತ್ತ್ವವನ್ನು ಹುಬ್ಬಳ್ಳಿಯ ರಸ್ತೆಗಳಲ್ಲಿ ಮೊದಲು ಆಚರಿಸಿ ತೋರಿದವರು ಈ ಪ್ಯಾಡ್ ಬಾರಿಸುವವರು. ಸಂಗೀತದ ಇತಿಹಾಸಕಾರರು ಅವರನ್ನು ಕಡೆಗಣಿಸಿರುವುದು ಅನ್ಯಾಯ.

ಆ ತತ್ತ್ವದ ಪೂರ್ಣವಿಕಾಸವೇ ಗ್ರಿಡ್. 1983ರಲ್ಲಿ ಮಿಡಿ ಎಂಬ ಸಂಕೇತವ್ಯವಸ್ಥೆಯು ವಾದ್ಯ ವಾದ್ಯಗಳ ನಡುವೆ ಸಂಭಾಷಣೆಯನ್ನು ಸಾಧ್ಯಗೊಳಿಸಿತು. ಯಾವ ಮನೆಯನ್ನು ಎಷ್ಟು ಬಿರುಸಾಗಿ ಒತ್ತಲಾಯಿತೆಂಬುದು ಅದರಲ್ಲಿ ಅಂಕಿಗಳಾಗಿ ಸಾಗುತ್ತದೆ. 1988ರಲ್ಲಿ ರೋಜರ್ ಲಿನ್ನರ ವಿನ್ಯಾಸದಲ್ಲಿ ಅಕಾಯ್ ಸಂಸ್ಥೆಯ ಎಂಪಿಸಿ ಹದಿನಾರು ಚೌಕಗಳೊಂದಿಗೆ ಬಂದಿತು. 2001ರಲ್ಲಿ ಬರ್ಲಿನ್ನಿನಿಂದ ಏಬಲ್ಟನ್ ಲೈವ್ ಎಂಬ ತಂತ್ರಾಂಶ. 2006ರಲ್ಲಿ ಅಮೆರಿಕದ ಬ್ರಯನ್ ಕ್ರ್ಯಾಬ್ಟ್ರೀ ಮತ್ತು ಕೆಲಿ ಕೇನ್ ಅವರ ಮೊನೋಮ್. 2009ರಲ್ಲಿ ನೋವೇಶನ್ ಸಂಸ್ಥೆಯ ಲಾಂಚ್‌ಪ್ಯಾಡ್. ಇವುಗಳಲ್ಲಿ ನನಗೆ ಪೂಜ್ಯವಾಗಿ ತೋರುವುದು ಮೊನೋಮ್. ಅದರ ಮೇಲೆ ಬರೆಹವಿಲ್ಲ, ಒಳಗೆ ಧ್ವನಿಯಿಲ್ಲ. ಒತ್ತಿದುದನ್ನು ಕಂಪ್ಯೂಟರಿಗೆ ತಿಳಿಸುವುದು, ಕಂಪ್ಯೂಟರು ಹೇಳಿದ ಮನೆಯಲ್ಲಿ ದೀಪ ಹೊತ್ತಿಸುವುದು, ಇಷ್ಟೇ ಅದರ ಕಾರ್ಯ. ಮಿಕ್ಕುದೆಲ್ಲವೂ ಕಲಾವಿದನ ಸಂಕಲ್ಪಕ್ಕೆ ಬಿಟ್ಟದ್ದು.

ಲೈವ್ ತಂತ್ರಾಂಶದಲ್ಲಿ ಒಂದೊಂದು ಮನೆಯಲ್ಲಿಯೂ ಒಂದು ಸ್ವರಖಂಡವನ್ನೋ ಲಯಖಂಡವನ್ನೋ ಇರಿಸಬಹುದು. ಮನೆಯನ್ನು ಒತ್ತಿದೊಡನೆ ಅದು ನುಡಿಯಬೇಕೆಂದಿಲ್ಲ. ಮಿಣುಕುತ್ತ ಕಾದಿದ್ದು, ಮುಂದಿನ ಆವರ್ತನದ ಆದಿಯಲ್ಲಿಯೇ ಹೊರಡುವಂತೆ ಅದನ್ನು ನಿಯಮಿಸಬಹುದು. ಸಮ್ಮಿಗಾಗಿ ಕಾಯುವುದೆಂದರೇನೆಂದು ಧಾರವಾಡದ ಶ್ರೋತೃವಿಗೆ ವಿವರಿಸಬೇಕಾಗಿಲ್ಲ. ಆದರೆ ಯಂತ್ರವು ಎಣಿಸುವ ರೂಢಿ ನಾಲ್ಕರ ಲೆಕ್ಕದ್ದು. ತೀನ್‌ತಾಲದ ಹದಿನಾರಕ್ಕೆ ಅದು ಅನಾಯಾಸವಾಗಿ ಹೊಂದಿದರೂ, ಏಕತಾಲದ ಹನ್ನೆರಡನ್ನು ಕಲಾವಿದನು ತಾನೇ ನಮೂದಿಸಿ ಕಲಿಸಬೇಕಾಗುತ್ತದೆ. ಇನ್ನು ಕಿರಾಣಾ ಘರಾಣೆಯ ವಿಲಂಬಿತದಲ್ಲಿ, ಗಾಯಕನ ಭಾವಕ್ಕನುಗುಣವಾಗಿ ತಬಲಾವಾದಕನು ಲಯವನ್ನು ಕೂದಲೆಳೆಯಷ್ಟು ಸಡಿಲಿಸಿ ಬಿಗಿಯುವ ಸೂಕ್ಷ್ಮವನ್ನು ಯಂತ್ರದ ಗಡಿಯಾರವು ತಾನಾಗಿ ಅರಿಯದು. ಟ್ಯಾಪ್ ಗುಂಡಿಯನ್ನು ಬೆರಳಿನಿಂದ ತಟ್ಟಿ ಲಯವನ್ನು ತಿಳಿಸಬಹುದಾದರೂ, ಅದು ಅರೆಪರಿಹಾರವೇ ಸರಿ.

ಸ್ವರದ ವಿಷಯವೋ, ದೇವಲರು ಬಿಟ್ಟುಹೋದ ಸ್ಥಳದಿಂದ ಮುಂದುವರಿದಿದೆ. 2013ರ ಪುಶ್ ಎಂಬ ಫಲಕವು ಆಯ್ದ ಮೇಳದ ಸ್ವರಗಳನ್ನು ಮಾತ್ರ ಚೌಕಗಳಲ್ಲಿ ಹರವಿತು. ಮರುವರ್ಷ ಲಿನ್ನರ ಲಿನ್‌ಸ್ಟ್ರುಮೆಂಟಿನಲ್ಲಿ ಬೆರಳು ಮನೆಯಿಂದ ಮನೆಗೆ ಜಾರಿದರೆ ಸ್ವರವೂ ಜಾರಿ ಮೀಂಡು ಸಾಧ್ಯವಾಯಿತು. 2024ರಲ್ಲಿ ಲೈವ್‌ನ ಹನ್ನೆರಡನೆಯ ಆವೃತ್ತಿಯು ಸಮವಿಭಾಗದ ಕಟ್ಟನ್ನು ಕಳಚಿ, ಬೇರೆ ಬೇರೆ ಶ್ರುತಿವ್ಯವಸ್ಥೆಗಳನ್ನು ಅಳವಡಿಸಿಕೊಳ್ಳುವ ಅವಕಾಶವನ್ನಿತ್ತಿತು. ಲಂಡನ್ನಿನ ಕಾರ್ಖಾನೆ ಲೋಹದಲ್ಲಿ ನಿರ್ಣಯಿಸಿ ಕಳಿಸಬೇಕಾಗಿದ್ದ ಶ್ರುತಿಯನ್ನು ಈಗ ಹುಬ್ಬಳ್ಳಿಯ ತರುಣಿಯೊಬ್ಬಳು ತನ್ನ ಗುರುವಿನ ತಂಬೂರಿಗೆ ಕಿವಿಗೊಟ್ಟು, ತೋಡಿಗೊಂದು ಭೈರವಕ್ಕೊಂದು ಎಂದು, ತಾನೇ ಬರೆದು ಚೌಕಗಳಲ್ಲಿ ತುಂಬಬಲ್ಲಳು. ಹಾಗೆ ತುಂಬುವ ಮೊದಲು ಕೋಮಲ ರಿಷಭವನ್ನು ಕಂಠದಲ್ಲಿ ನಿಲ್ಲಿಸಲು ಆಕೆಗೆ ಬರಬೇಕು. ಆಲಾಪದ ಹೊತ್ತಿನಲ್ಲಿ ಕಾಯುವ ನಿಯಮವನ್ನು ತೆಗೆದು, ತಾಳದ ಗಡಿಯಾರವನ್ನು ನಿಲ್ಲಿಸಿ, ಬಂದಿಶ್ ಆರಂಭವಾದ ಮೇಲೆಯೇ ಅದನ್ನು ಮತ್ತೆ ನಡೆಸುವುದು ಆಕೆಯ ಕೈಯಲ್ಲೇ ಇದೆ.